ಹೊಸ ಮಣೆಯಾಟಗಳ ಕಲ್ಪನೆ ಮತ್ತು ಮನೆಮಂದಿಯ ಆರೋಗ್ಯ

ಪುಣೆಯ ಸದಾಶಿವ ಪೇಠೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಬಾಗಿಲು ಮುಚ್ಚುವ ವಾಡಿಕೆ ಸರ್ವವಿದಿತವಾದುದು. ಅದನ್ನು ಕುರಿತ ವಿನೋದಗಳಿಗೂ ಕೊರತೆಯಿಲ್ಲ. ವ್ಯಾಪಾರಿಗೆ ಆ ಮೂರು ಗಂಟೆ ವಿಶ್ರಾಂತಿಯ ಕಾಲ. ಆದರೆ ಧಾರವಾಡದಿಂದಲೋ ವಿಜಯಪುರದಿಂದಲೋ ಮಗನ ಸಂಸಾರದೊಡನೆ ಇರಲೆಂದು ಬಂದು ನೆಲಸಿದ ವೃದ್ಧ ತಾಯಿಗೆ ಅದೇ ಮೂರು ಗಂಟೆ ದಿನದ ಅತಿ ದೀರ್ಘವಾದ ಭಾಗ. ಮಗನೂ ಸೊಸೆಯೂ ಕಚೇರಿಯಲ್ಲಿರುತ್ತಾರೆ. ಶಾಲೆಯಿಂದ ಬಂದ ಮೊಮ್ಮಗ ಮರಾಠಿಯಲ್ಲಿ ಮಾತನಾಡಿ ಇಂಗ್ಲಿಷಿನಲ್ಲಿ ಬರೆಯುವವನು. ಅಜ್ಜಿಯ ಕನ್ನಡ ಅವನಿಗೆ ತಿಳಿಯುತ್ತದೆ, ಆದರೆ ನಾಲಿಗೆಗೆ ಬರುವುದಿಲ್ಲ. ಹಿಂದಿನ ವಾಡೆಗಳಲ್ಲಿ ಓಸರಿಯಿತ್ತು, ನಡುವೆ ಚೌಕವಿತ್ತು, ನಾಲ್ಕು ಮನೆಯ ಹೆಂಗಸರು ಕೂಡುತ್ತಿದ್ದರು. ಪಾಣಿಪತದ ರಣದಲ್ಲಿ ೧೭೬೧ರಲ್ಲಿ ಮಡಿದ ಸದಾಶಿವರಾವ್ ಭಾವುವಿನ ಹೆಸರನ್ನು ಹೊತ್ತ ಈ ಪೇಠೆಯಲ್ಲಿ ಈಗ ವಾಡೆಗಳು ಒಂದೊಂದಾಗಿ ಅಳಿದು, ಆ ಜಾಗದಲ್ಲಿ ಬಾಗಿಲು ಮುಚ್ಚಿದ ಫ್ಲ್ಯಾಟುಗಳು ಎದ್ದಿವೆ.

ಒಂಟಿತನವನ್ನು ಮನಸ್ಸಿನ ಬೇಸರವೆಂದಷ್ಟೇ ವೈದ್ಯಶಾಸ್ತ್ರ ಈಗ ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾಮಾಜಿಕ ಬಾಂಧವ್ಯವನ್ನು ಕುರಿತು ಒಂದು ಆಯೋಗವನ್ನೇ ನೇಮಿಸಿತು. ನಿದ್ರೆ, ಹಸಿವು, ರಕ್ತದೊತ್ತಡ, ನೆನಪಿನ ಶಕ್ತಿ ಇವೆಲ್ಲವೂ ಜೊತೆಯ ಮಾತಿಲ್ಲದೆ ಕುಂದುತ್ತವೆ. ಈ ಲೇಖನದ ವಿಷಯ ಇದಕ್ಕೆ ಔಷಧವನ್ನು ಸೂಚಿಸುವುದಲ್ಲ. ಅಜ್ಜಿ ಮೊಮ್ಮಕ್ಕಳು ಒಂದೇ ಚಾಪೆಯ ಮೇಲೆ ಕೂಡುವಂಥ ಹೊಸ ಮಣೆಯಾಟಗಳನ್ನು ಮನೆಯಲ್ಲಿಯೇ ಹೇಗೆ ಕಲ್ಪಿಸಿಕೊಳ್ಳಬಹುದೆಂಬುದು.

ಮಣೆಯಾಟದಿಂದ ಮರೆವಿನ ರೋಗ ದೂರವಾಗುವುದೆಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದರ ಹಿಂದಿರುವ ಅಧ್ಯಯನಗಳನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು. ಅಮೆರಿಕೆಯ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ೭೫ ವರ್ಷ ದಾಟಿದ ೪೬೯ ಜನರನ್ನು ವರ್ಷಾನುಗಟ್ಟಲೆ ಗಮನಿಸಿ, ೨೦೦೩ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಲಾಯಿತು. ಅವರಲ್ಲಿ ೧೨೪ ಜನರಿಗೆ ಮರೆವಿನ ರೋಗ ಬಂದಿತು. ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ನರ್ತಿಸುವವರು ಇವರಲ್ಲಿ ರೋಗದ ಪ್ರಮಾಣ ಕಡಿಮೆಯಾಗಿತ್ತು. ಫ್ರಾನ್ಸಿನಲ್ಲಿ ೩೬೭೫ ಜನರನ್ನು ಇಪ್ಪತ್ತು ವರ್ಷ ಅನುಸರಿಸಿದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಗಿ, ಆಟವಾಡುವವರಲ್ಲಿ ಅಪಾಯ ನೂರಕ್ಕೆ ೧೫ರಷ್ಟು ಕಡಿಮೆಯೆಂದು ತೋರಿಸಿತು. ಆದರೆ ಆರಂಭದಲ್ಲಿಯೇ ಇದ್ದ ಬುದ್ಧಿಯ ಚುರುಕು ಹಾಗೂ ಮನಸ್ಸಿನ ಖಿನ್ನತೆಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರವು ಖಚಿತವಾಗಿ ಉಳಿಯಲಿಲ್ಲ. ಮರೆವು ಮೆಲ್ಲನೆ ಆವರಿಸತೊಡಗಿದವರು ತಾವಾಗಿಯೇ ಆಟವನ್ನು ಬಿಟ್ಟಿರಲೂಬಹುದು. ಆದುದರಿಂದ ಆಟ ರೋಗವನ್ನು ತಡೆಯುತ್ತದೆಂದು ಹೇಳುವುದು ದುಡುಕು. ಆಡುವವರ ಮಧ್ಯಾಹ್ನ ಹಗುರಾಗುತ್ತದೆ, ಬುದ್ಧಿಗೆ ಕೆಲಸ ಸಿಗುತ್ತದೆ, ಜೊತೆ ದೊರೆಯುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಮಣೆಯಾಟಗಳನ್ನು ಹೊಸದಾಗಿ ರಚಿಸುವ ವಿದ್ಯೆಯಲ್ಲಿ ಕನ್ನಡ ನಾಡಿಗೆ ಒಬ್ಬ ಆಚಾರ್ಯಪುರುಷರಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೭೯೯ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗ, ಪಟ್ಟವೇರಿದರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ೧೮೬೮ರಲ್ಲಿ ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ ಮೂವತ್ತೇಳು ವರ್ಷ, ಅರಸರಿಗೆ ಸಿಂಹಾಸನವಿತ್ತು, ರಾಜ್ಯಭಾರವಿರಲಿಲ್ಲ. ಆ ಬಿಡುವನ್ನು ಅವರು ಸಾಹಿತ್ಯಕ್ಕೂ ಆಟಗಳಿಗೂ ತೊಡಗಿಸಿದರು. 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕನಿಧಿ' ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಕಾಲದ ಆಟದ ಹಾಸುಗಳ ಚಿತ್ರಗಳಿವೆ. ಚದುರಂಗದ ಕುದುರೆ ಪ್ರತಿಯೊಂದು ಮನೆಯನ್ನೂ ಒಂದೇ ಸಲ ಮುಟ್ಟಿ ಬರುವ ತುರಗಬಂಧವನ್ನೂ ಅವರು ಬಹಳ ಪರಿಶ್ರಮದಿಂದ ಸಾಧಿಸಿದ್ದರು. ಕೈಯಿಂದ ಕೆಲಸ ಹೋದವನ ಮನಸ್ಸಿಗೆ ಆಟ ಏನನ್ನು ಒದಗಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ನಿವೃತ್ತರಾಗಿ ಮಗನ ಮನೆಯಲ್ಲಿ ಕುಳಿತ ಹಿರಿಯರಿಗೆ ಅರಸರ ಸ್ಥಿತಿ ಅಪರಿಚಿತವೇನಲ್ಲ.

ಅರಸರ ರಚನೆಗಳಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಮಾಮೂಲಿನ ದಶಾವತಾರ ಗಂಜೀಫದಲ್ಲಿ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡರಂತೆ ೧೨೦ ಎಲೆಗಳು. 'ಕೌತುಕನಿಧಿ'ಯಲ್ಲಿ ವರ್ಣಿಸಿದ ಹದಿಮೂರು ಬಗೆಯ ಗಂಜೀಫಗಳಲ್ಲಿ ಕೆಲವಕ್ಕೆ ಹದಿನೆಂಟು ಪಂಗಡಗಳಿದ್ದು ಎಲೆಗಳ ಸಂಖ್ಯೆ ಮುನ್ನೂರನ್ನು ಮೀರುತ್ತದೆ. ಚಿತ್ರಕಲೆಯ ದೃಷ್ಟಿಯಿಂದ ಅವು ಅಪೂರ್ವವಾದವು. ಆದರೆ ಅಷ್ಟು ಎಲೆಗಳನ್ನು ಹಿಡಿದು, ಅಷ್ಟು ದೇವತೆಗಳ ತರತಮವನ್ನು ನೆನಪಿಟ್ಟು ಆಡುವವರು ಅರಮನೆಯ ಹೊರಗೆ ಎಷ್ಟು ಮಂದಿ ಸಿಕ್ಕಾರು? ಅದೇ ಕಾಲದಲ್ಲಿ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಇದ್ದಲಿನಿಂದ ಗೀರಿದ ಐದೈದು ಮನೆಯ ಚೌಕಾಬಾರ ಯಾವ ಅರಸರ ಆಶ್ರಯವೂ ಇಲ್ಲದೆ ಬಾಳಿತು. ಹೊಸ ಆಟವನ್ನು ಕಲ್ಪಿಸುವವರು ಮೊದಲು ನಿಯಮಗಳನ್ನು ಕಡಿಮೆ ಮಾಡುವುದನ್ನು ಕಲಿಯಬೇಕು.

ಆಟಗಳು ಊರು ಬಿಟ್ಟು ಹೋದಾಗ ಆಗುವುದೂ ಇದೇ. ಪಗಡೆಯ ಪಚ್ಚೀಸಿಯು ಇಂಗ್ಲೆಂಡಿಗೆ ಹೋಗಿ, ಕವಡೆಯ ಬದಲು ಒಂದು ದಾಳವನ್ನು ಹಿಡಿದು, ೧೮೯೬ರಲ್ಲಿ 'ಲೂಡೋ' ಎಂಬ ಹೆಸರಿನಿಂದ ಹಕ್ಕುಪತ್ರ ಪಡೆಯಿತು. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಆಡುತ್ತಿದ್ದ ಪರಮಪದ ಸೋಪಾನ ಪಟವು ಪಾಪಪುಣ್ಯಗಳ ಹೆಸರುಗಳನ್ನು ಕಳೆದುಕೊಂಡು ಹಾವು-ಏಣಿಯಾಯಿತು. ಎರಡೂ ಅಚ್ಚಾದ ರಟ್ಟಿನ ಮೇಲೆ ಮರಳಿ ಬಂದು ನಮ್ಮ ಅಂಗಡಿಗಳಲ್ಲಿ ಕುಳಿತವು. ಪುಣೆಗೂ ಈ ವಿದ್ಯೆ ಹೊಸತಲ್ಲ. ಅಂಗಳದ ಆಟವಾಗಿದ್ದ ಖೋಖೋಗೆ ನಿಯಮಾವಳಿಯನ್ನು ೧೯೧೪ರಲ್ಲಿ ಬರೆದುದು ಇದೇ ಊರಿನ ಡೆಕ್ಕನ್ ಜಿಮಖಾನಾ. ಸದಾಶಿವ ಪೇಠೆಯಿಂದ ನಡೆದು ಹೋಗಬಹುದಾದ ಬಾಜೀರಾವ್ ರಸ್ತೆಯಲ್ಲಿ ದಿನಕರ ಕೇಳಕರರು ಜೀವಮಾನವಿಡೀ ಗೃಹೋಪಯೋಗಿ ಹಳೆಯ ವಸ್ತುಗಳನ್ನು ಕೂಡಿಸಿ ಕಟ್ಟಿದ ವಸ್ತುಸಂಗ್ರಹಾಲಯವಿದೆ. ರಜೆಯ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಮನೆಬಳಕೆಯ ವಸ್ತುವೊಂದಕ್ಕೆ ಎಷ್ಟು ಬುದ್ಧಿ ವ್ಯಯವಾಗಬಲ್ಲುದೆಂಬುದು ಕಣ್ಣಿಗೆ ಬೀಳುವುದು.

ಇನ್ನು ರಚನೆಯ ವಿಚಾರ. ಚೌಕಾಬಾರವನ್ನೇ ಬಿಚ್ಚಿ ನೋಡೋಣ. ನಾಲ್ಕು ಕವಡೆ. ಅಂಗಾತ ಬಿದ್ದವು ಎಷ್ಟೋ ಅಷ್ಟು ಮನೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಕವಡೆ ಎರಡು ಬದಿಗೂ ಸಮನಾಗಿ ಬೀಳುವುದೆಂದು ಹಿಡಿದರೆ ಹದಿನಾರು ಎಸೆತಗಳಲ್ಲಿ ಸರಾಸರಿ ಒಂದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಂದು ಸಲ, ಎಂಟು ಒಂದು ಸಲ ಬರುವುದು. ಒಟ್ಟು ೪೦ ಮನೆ. ಎಂದರೆ ಎಸೆತಕ್ಕೆ ಎರಡೂವರೆ ಮನೆ. ಕಾಯಿಯು ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನ ೧೫, ಒಳಸುತ್ತಿನ ೮, ಕೊನೆಗೆ ಹಣ್ಣಾಗುವ ನಡುಮನೆ ೧, ಹೀಗೆ ೨೪ ಮನೆ ನಡೆಯಬೇಕು. ನಾಲ್ಕು ಕಾಯಿಗೆ ೯೬. ಎರಡೂವರೆಯಿಂದ ಭಾಗಿಸಿದರೆ, ಒಮ್ಮೆಯೂ ಕಡಿಸಿಕೊಳ್ಳದಿದ್ದರೂ ಒಬ್ಬನಿಗೆ ೩೮-೩೯ ಎಸೆತ ಬೇಕು. ನಾಲ್ವರು ಆಡಿದರೆ ೧೫೦ ಎಸೆತ ಮೀರುವುದು. ಕಡಿತವೂ ಸೇರಿದರೆ ಎರಡು ಗಂಟೆ. ಹಳ್ಳಿಯ ಬೇಸಿಗೆಯ ಮಧ್ಯಾಹ್ನಕ್ಕೆ ಅದು ಸರಿಯಾದ ಅಳತೆ. ಸಂಜೆ ಆರಕ್ಕೆ ಟ್ಯೂಷನ್ನಿಗೆ ಹೊರಡಬೇಕಾದ ಹುಡುಗನಿಗೆ ಅಲ್ಲ. ಎರಡೇ ಕಾಯಿಯಿಂದ ಆಡಿದರೆ ಅವಧಿ ಅರ್ಧಕ್ಕಿಳಿಯುವುದು. ಇಂಥ ಸಣ್ಣ ಲೆಕ್ಕವನ್ನು ಹಾಸು ಬರೆಯುವ ಮೊದಲೇ ಮಾಡಿಕೊಳ್ಳುವುದು ಹಿತಕರ. ನಿಜವಾದ ಕವಡೆಗಳು ಸಮನಾಗಿ ಬೀಳುವುದು ಅಪರೂಪವೆಂಬುದನ್ನೂ ಮರೆಯಬಾರದು. ಒಂದು ಕವಡೆಯನ್ನು ನೂರು ಸಲ ಎಸೆದು ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಗಣಿತದ ಪಾಠವೂ ಆದೀತು.

ಎರಡನೆಯ ವಿಚಾರ, ಅಸಮಾನರನ್ನು ಸಮಾನರಾಗಿ ಕೂರಿಸುವುದು. ಚದುರಂಗದಲ್ಲಿ ಬಲ್ಲವನು ಯಾವಾಗಲೂ ಗೆಲ್ಲುತ್ತಾನೆ. ಹಾವು-ಏಣಿಯಲ್ಲಿ ಬಲ್ಲವನೂ ಬಾರದವನೂ ಒಂದೇ, ಆದರೆ ಬುದ್ಧಿಗೆ ಕೆಲಸವಿಲ್ಲ. ನಮ್ಮ ಹುಲಿ-ಕುರಿ ಆಟ ಇದಕ್ಕೆ ಬೇರೆಯೇ ಉಪಾಯವನ್ನು ಕಂಡುಕೊಂಡಿದೆ. ಹುಲಿಗಳು ಕೆಲವೇ, ಕುರಿಗಳು ಬಹಳ. ಎರಡರ ನಡೆಯೂ ಬೇರೆ, ಗುರಿಯೂ ಬೇರೆ. ಅಜ್ಜ ಹುಲಿಯಾಗಿ, ಮೂವರು ಮೊಮ್ಮಕ್ಕಳು ತಮ್ಮತಮ್ಮೊಳಗೆ ಪಿಸುಗುಟ್ಟಿ ಕುರಿಗಳನ್ನು ನಡೆಸಿದರೆ ಯಾರೂ ಯಾರಿಗೂ ಬೇಕೆಂದು ಸೋಲಬೇಕಾಗಿಲ್ಲ. ಹಿರಿಯರು ಬೇಕೆಂದೇ ಸೋಲುವುದನ್ನು ಮಕ್ಕಳು ದೊಡ್ಡವರು ಎಣಿಸುವುದಕ್ಕಿಂತ ಬೇಗ ಪತ್ತೆ ಹಚ್ಚುತ್ತಾರೆ.

ಮೂರನೆಯದು, ಹಾಸಿನ ಆಕಾರ. ಇದು ಕೇವಲ ಅಲಂಕಾರದ ಮಾತೆಂದು ತೋರಬಹುದು, ಹಾಗಲ್ಲ. ಅಮೆರಿಕೆಯಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಹದಿನೈದಿಪ್ಪತ್ತು ನಿಮಿಷ, ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿ ಬರೆದ ಹಾಸಿನ ಮೇಲೆ ಆಟವಾಡಿಸಲಾಯಿತು. ಅವರ ಸಂಖ್ಯಾಜ್ಞಾನ ಎದ್ದು ಕಾಣುವಂತೆ ಬೆಳೆಯಿತು. ಒಂಬತ್ತು ವಾರದ ಮೇಲೂ ಉಳಿದಿತ್ತು. ಅಂಕಿಯ ಬದಲು ಬಣ್ಣಗಳಿದ್ದ ಹಾಸಿನ ಮೇಲೆ ಆಡಿದ ಮಕ್ಕಳಿಗೆ ಅಂಥ ಲಾಭವಾಗಲಿಲ್ಲ. ಎಣಿಸುವ ಕ್ರಮವೂ ಮುಖ್ಯವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಐದನೆಯ ಮನೆಯಲ್ಲಿರುವ ಕಾಯಿಯನ್ನು ಎರಡು ಮನೆ ನಡೆಸುವಾಗ 'ಒಂದು, ಎರಡು' ಎನ್ನದೆ 'ಆರು, ಏಳು' ಎನ್ನಿಸಬೇಕು. ಇದನ್ನು ಕನ್ನಡದಲ್ಲಿಯೇ ಎನ್ನಿಸಿ, ಮನೆಗಳಲ್ಲಿ ಕನ್ನಡದ ಅಂಕಿಗಳನ್ನು ಬರೆದರೆ, ಪುಣೆಯಲ್ಲಿ ಬೆಳೆಯುವ ಮಗುವಿಗೆ ಬೇರೆಲ್ಲಿಯೂ ಕಾಣಸಿಗದ ೬, ೭, ೯ಗಳು ಕೈಗೆ ಹತ್ತುವುವು.

ಪದಗಳ ಆಟವನ್ನು ರಚಿಸಲು ಬಯಸುವವರಿಗೆ ಕನ್ನಡ ಲಿಪಿ ಒಂದು ಕಗ್ಗಂಟನ್ನು ಒಡ್ಡುತ್ತದೆ. 'ಸ್ಕ್ರ್ಯಾಬಲ್' ಆಟವನ್ನು ರಚಿಸಿದ ಆಲ್ಫ್ರೆಡ್ ಬಟ್ಸ್ ೧೯೩೦ರ ದಶಕದಲ್ಲಿ ಉದ್ಯೋಗ ಕಳೆದುಕೊಂಡ ವಾಸ್ತುಶಿಲ್ಪಿ. ದಿನಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸಿ, ಬಿಲ್ಲೆಗಳ ಸಂಖ್ಯೆಯನ್ನೂ ಅಂಕಗಳನ್ನೂ ಗೊತ್ತುಮಾಡಿದನು. ಇಂಗ್ಲಿಷಿಗೆ ೨೬ ಅಕ್ಷರ ಸಾಕು. ಕನ್ನಡದ ವರ್ಣಮಾಲೆಯಲ್ಲಿ ೩೪ ವ್ಯಂಜನಗಳು. ಕಾಗುಣಿತ, ಒತ್ತಕ್ಷರಗಳನ್ನು ಸೇರಿಸಿದರೆ ಬಿಲ್ಲೆಗಳನ್ನು ಗೋಣಿಚೀಲದಲ್ಲಿ ತುಂಬಬೇಕಾದೀತು. ಇದಕ್ಕೊಂದು ಪರಿಹಾರವಿದೆ. ಬಿಲ್ಲೆಯ ಮೇಲೆ ಮೂಲ ವ್ಯಂಜನವನ್ನಷ್ಟೇ ಬರೆಯಬೇಕು. ಆಡುವವನು ಅದಕ್ಕೆ ಯಾವ ಗುಣಿತವನ್ನಾದರೂ, ಯಾವ ಒತ್ತನ್ನಾದರೂ ಕೂಡಿಸಿಕೊಳ್ಳಬಹುದು. 'ಮ' ಮತ್ತು 'ರ' ಇದ್ದರೆ ಮರ, ಮಾರಿ, ಮೂರು, ಮೊರ ಎಲ್ಲವೂ ಸಾಧ್ಯ. ರ, ನ, ದ, ತ, ಲಗಳ ಬಿಲ್ಲೆ ಹೆಚ್ಚಿರಲಿ. ಝ, ಠ, ಛಗಳಿಗೆ ಒಂದೊಂದು ಸಾಕು. ಙ, ಞ ಬೇಡವೇ ಬೇಡ.

ಇಲ್ಲಿ ಪುಣೆಯ ಕನ್ನಡ ಮಕ್ಕಳ ವಿಶೇಷ ತೊಡಕೊಂದನ್ನು ಹೇಳಬೇಕು. ಮರಾಠಿಯಲ್ಲಿ ಳಕಾರವಿರುವುದರಿಂದ ಅದು ಅವರಿಗೆ ಕಷ್ಟವಲ್ಲ. ಆದರೆ ಮರಾಠಿಯ ಬರವಣಿಗೆಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವದೀರ್ಘ ಭೇದವಿಲ್ಲ. ಹೀಗಾಗಿ ಕೆರೆ-ಕೇರೆ, ಬೆಳೆ-ಬೇಳೆ, ಕೊಡು-ಕೋಡು, ತೆರು-ತೇರು ಒಂದೇ ಆಗಿಬಿಡುತ್ತವೆ. ಇಂಥ ಇಪ್ಪತ್ತು ಜೋಡಿಗಳನ್ನು ಚಿತ್ರಸಹಿತ ರಟ್ಟಿನ ಚೂರುಗಳ ಮೇಲೆ ಬರೆದು ಕವುಚಿ ಹಾಕಿ, ಜೋಡಿ ಹುಡುಕುವ ಆಟ ಮಾಡಬಹುದು. ಎತ್ತಿದವನು ಸರಿಯಾಗಿ ಉಚ್ಚರಿಸಿದರೆ ಮಾತ್ರ ಚೂರು ಅವನದು. ಸರಿತಪ್ಪುಗಳ ತೀರ್ಪುಗಾರಿಕೆ ಅಜ್ಜಿಯದು. ಮನೆಯಲ್ಲಿ ಯಾರೂ ತನ್ನನ್ನು ಏನನ್ನೂ ಕೇಳುವುದಿಲ್ಲವೆಂದು ಕೊರಗುವ ಹಿರಿಯರಿಗೆ ಆ ಅಧಿಕಾರ ಸಣ್ಣದಲ್ಲ.

ಕೊನೆಯದಾಗಿ, ಪೂರ್ಣವಾದ ಒಂದು ಹೊಸ ಆಟದ ನಕ್ಷೆ. ಇದಕ್ಕೆ 'ಊರಿನ ಗಾಡಿ' ಎಂದು ಹೆಸರಿಡಬಹುದು. ಪುಣೆಯಿಂದ ಹುಬ್ಬಳ್ಳಿಯವರೆಗಿನ ರೈಲುದಾರಿಯೇ ಹಾಸು. ಇಪ್ಪತ್ನಾಲ್ಕು ಮನೆ: ಪುಣೆ, ಜೇಜುರಿ, ನೀರಾ, ಲೋಣಂದ, ವಾಠಾರ, ಸಾತಾರಾ, ಕೋರೆಗಾಂವ, ಕರಾಡ, ತಾಕಾರಿ, ಕಿರ್ಲೋಸ್ಕರವಾಡಿ, ಭಿಲವಡಿ, ಸಾಂಗಲಿ, ಮೀರಜ, ಉಗಾರ, ಕುಡಚಿ, ರಾಯಬಾಗ, ಘಟಪ್ರಭಾ, ಗೋಕಾಕ ರೋಡ, ಬೆಳಗಾವಿ, ಖಾನಾಪುರ, ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ. ಒಬ್ಬೊಬ್ಬರಿಗೆ ಎರಡು ಕಾಯಿ, ನಾಲ್ಕು ಕವಡೆ. ಕಾಯಿ ನಿಂತ ನಿಲ್ದಾಣದ ವಿಷಯವಾಗಿ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳಬೇಕು. ಹೇಳಲಾರದವನಿಗೆ ಹಿರಿಯರು ಹೇಳಿಕೊಡುತ್ತಾರೆ. ಮುಂದಿನ ಸಲ ಯಾವ ಕಾಯಿಯಾದರೂ ಅಲ್ಲಿ ನಿಂತಾಗ ಅವನು ಅದನ್ನೇ ನೆನಪಿನಿಂದ ಹೇಳಿದರೆ ಒಂದು ಮನೆ ಹೆಚ್ಚಿಗೆ ನಡೆಯಬಹುದು.

ಸಂಗತಿಗಳಿಗೇನು ಬರವೇ? ಜೇಜುರಿಯ ಖಂಡೋಬಾ ಕನ್ನಡಿಗರ ಮೈಲಾರಲಿಂಗ; ಮ್ಹಾಳಸೆಯೊಡನೆ ಪಗಡೆಯಾಡಿ ಸೋತು ಮನೆ ಬಿಟ್ಟು ಕುರಿಗಾಹಿ ಬಾನುವಿನ ಬಳಿ ಆಳಾಗಿ ನಿಂತನೆಂಬ ಕಥೆ ಜನಪದರಲ್ಲಿದೆ. ಕರಾಡದಲ್ಲಿ ಕೃಷ್ಣೆಯನ್ನು ಕೊಯ್ನೆ ಕೂಡುತ್ತದೆ. ಕಿರ್ಲೋಸ್ಕರವಾಡಿಯನ್ನು ೧೯೧೦ರಲ್ಲಿ ನೆಲೆಗೊಳಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮೀರಜ ತಂಬೂರಿ ಸಿತಾರುಗಳ ಊರು. ಗೋಕಾಕದ ಜಲಪಾತ ಸುಮಾರು ೫೨ ಮೀಟರು ಧುಮುಕುತ್ತದೆ. ಬೆಳಗಾವಿಗೆ ಕುಂದಾ, ಧಾರವಾಡಕ್ಕೆ ಪೇಡೆ. ಹುಬ್ಬಳ್ಳಿಯಲ್ಲಿ ೨೦೨೩ರಲ್ಲಿ ಉದ್ಘಾಟನೆಯಾದ ೧೫೦೭ ಮೀಟರಿನ ಪ್ಲಾಟ್‌ಫಾರ್ಮಿನ ಮಾತು ಬಂದರೆ ಮೊಮ್ಮಗನೇ ಅಜ್ಜನಿಗೆ ಹೇಳಿಕೊಡಬಹುದು.

ಮೀರಜ ಜಂಕ್ಷನ್ನಿನಲ್ಲಿ ಎಲ್ಲ ಕಾಯಿಗಳೂ ನಿಲ್ಲಲೇಬೇಕು, ಗಾಡಿ ಬದಲಿಸಿದಂತೆ. ಅಲ್ಲಿಂದ ಹೊರಡಲು ಒಂದೋ ಮೂರೋ ಬೀಳಬೇಕೆಂದು ನಿಯಮಿಸಿದರೆ ಹದಿನಾರರಲ್ಲಿ ಎಂಟು ಸಲ ಅದು ದೊರೆಯುವುದು. ಸರಾಸರಿ ಎರಡು ಎಸೆತ ಕಾದರಾಯಿತು. ಎಂಟೇ ಬೀಳಬೇಕೆಂದರೆ ಸರಾಸರಿ ಹದಿನಾರು ಎಸೆತ. ಅಷ್ಟರಲ್ಲಿ ಹುಡುಗ ಎದ್ದು ಹೋಗಿರುತ್ತಾನೆ. ನಿಯಮದಲ್ಲಿ ಒಂದು ಪದ ಬದಲಾದರೆ ಆಟ ಬದುಕುವುದೂ ಸಾಯುವುದೂ ಹೀಗೆ. ಮೀರಜದವರೆಗೆ ಒಬ್ಬರ ಕಾಯಿಯನ್ನು ಇನ್ನೊಬ್ಬರು ಕಡಿಯಬಹುದು. ಕಡಿಸಿಕೊಂಡದ್ದು ಪುಣೆಗೆ ಮರಳಬೇಕು. ಮೀರಜ ದಾಟಿ ಕರ್ನಾಟಕವನ್ನು ಹೊಕ್ಕ ಮೇಲೆ ಕಡಿಯುವಂತಿಲ್ಲ. ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿದರೆ ಜೊತೆಪ್ರಯಾಣ. ಕಡಿತವನ್ನು ಪೂರ್ತಿಯಾಗಿ ತೆಗೆದುಹಾಕಬೇಕೆನ್ನುವ ಸಾತ್ವಿಕರೂ ಉಂಟು. ಉಪ್ಪಿಲ್ಲದ ಸಾರು ಯಾರಿಗೆ ಬೇಕು? ಈ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತರ ಆಸುಪಾಸು ಎಸೆತ. ಮೂವರು ಕುಳಿತರೆ, ಮಾತುಕತೆಯೂ ಸೇರಿ ಮುಕ್ಕಾಲು ಗಂಟೆ.

"ಅಜ್ಜೀ, ಎಂಟು ಬಿತ್ತು, ಮತ್ತ ಹಾಕು" ಎಂದು ಮೊಮ್ಮಗ ಹೇಳುವ ಒಂದೇ ವಾಕ್ಯದಲ್ಲಿ ಅವನ ನಾಲಿಗೆಗೆ ಐದು ಕನ್ನಡ ಪದಗಳು ಬಂದಂತಾಯಿತು. ಅದನ್ನು ತಿದ್ದಲು ಹೋಗಬಾರದು.

ಆಡುವವರ ಶರೀರದ ಕಡೆಗೂ ಗಮನವಿರಬೇಕು. ಮೊಣಕಾಲು ನೋವಿರುವ ಹಿರಿಯರನ್ನು ನೆಲದ ಮೇಲೆ ಕೂರಿಸದೆ ಹಾಸನ್ನೇ ಮೇಜಿನ ಮೇಲೆ ಹರಡಬೇಕು. ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಬೇಕು. ಮಧುಮೇಹವಿರುವವರು ಆಟದ ಸಂಭ್ರಮದಲ್ಲಿ ಊಟ, ಗುಳಿಗೆಗಳ ಹೊತ್ತನ್ನು ಮೀರಬಾರದು. ಕಣ್ಣಿನ ಪೊರೆಯುಳ್ಳವರಿಗೆ ನೀಲಿ-ಹಸಿರುಗಳ ಭೇದ ಸರಿಯಾಗಿ ಕಾಣದು. ಬಿಳಿಯ ಮೇಲೆ ಕಪ್ಪು ಗೆರೆ, ಕೆಂಪು ಹಾಗೂ ಕಪ್ಪು ಕಾಯಿ ಮೇಲು. ಕೈ ನಡುಗುವವರಿಗೆ ಕವಡೆಯನ್ನು ಲೋಟದಲ್ಲಿ ಹಾಕಿ ಮಗುಚಲು ಕೊಡಬೇಕು. ಕಾಯಿಗಳು ಹುಣಿಸೆಬೀಜಕ್ಕಿಂತ ದೊಡ್ಡವಾಗಿರಲಿ, ಮನೆಯಲ್ಲಿ ಕೂಸಿದ್ದರೆ ಅದರ ಬಾಯಿಗೆ ಹೋಗದಷ್ಟು ದೊಡ್ಡವಾಗಿರಲಿ. ದೃಷ್ಟಿ ತೀರ ಮಂದವಾದವರಿಗೆ ಅಳಿಗುಳಿಮಣೆ ಉತ್ತಮ. ಗುಳಿಯಲ್ಲಿ ಎಷ್ಟು ಕಾಳಿವೆಯೆಂದು ಬೆರಳೇ ಹೇಳುತ್ತದೆ. ಕಿವಿ ಮಂದವಾದವರು ಗುಂಪಿನ ಮಾತಿನಲ್ಲಿ ಹಿಂದುಳಿದರೂ ಮಣೆಯ ಮುಂದೆ ಹಿಂದುಳಿಯುವುದಿಲ್ಲ. ಪದೇ ಪದೇ ತನ್ನ ಸರದಿಯನ್ನು ಮರೆಯುವುದು, ಬಹುಕಾಲದಿಂದ ಬಲ್ಲ ಆಟದ ನಡೆಯನ್ನೇ ತಪ್ಪುವುದು ಕಂಡುಬಂದರೆ ನಗೆಯಾಡದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ದೋಷ, ಬಿ-೧೨ ಜೀವಸತ್ವದ ಕೊರತೆಗಳಿಂದಲೂ ಹಾಗಾಗುವುದುಂಟು, ಅವಕ್ಕೆ ಚಿಕಿತ್ಸೆಯಿದೆ. ಹಣದ ಪಣವನ್ನಂತೂ ಹತ್ತಿರ ಸೇರಿಸಬಾರದು.

ಹೊಸ ಆಟ ಮೊದಲ ದಿನವೇ ಸರಿಹೋಗುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಬರೆದು ಮೂರು ನಾಲ್ಕು ಸಲ ಆಡಿ, ಜಗಳವಾದ ಕಡೆ ನಿಯಮವನ್ನು ಸ್ಪಷ್ಟಪಡಿಸಿ, ಬೇಸರವಾದ ಕಡೆ ಮನೆಗಳನ್ನು ಕಡಿಮೆ ಮಾಡಬೇಕು. ಒಂದು ಸಲಕ್ಕೆ ಒಂದೇ ನಿಯಮವನ್ನು ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಆಟ ಸುಧಾರಿಸಿತೆಂದು ತಿಳಿಯದು. ಮನೆಯವರಲ್ಲದ ಒಬ್ಬರ ಕೈಗೆ, ಪಕ್ಕದ ಮನೆಯ ಮರಾಠಿ ಹುಡುಗಿಯಾದರೂ ಆದೀತು, ನಿಯಮ ಬರೆದ ಕಾಗದವನ್ನಷ್ಟೇ ಕೊಟ್ಟು, ಬಾಯಿಬಿಟ್ಟು ಏನನ್ನೂ ವಿವರಿಸದೆ ಆಡಲು ಬಿಡಬೇಕು. ಅವಳು ತಡವರಿಸಿದ ಸಾಲನ್ನು ತಿದ್ದಿದ ಮೇಲೆ ಹಾಸನ್ನು ದಪ್ಪ ಖಾದಿ ಬಟ್ಟೆಯ ಮೇಲೆ ಕಸೂತಿಯಿಂದಲೋ ಬಣ್ಣದಿಂದಲೋ ಬರೆದು, ನಿಯಮಗಳನ್ನು ಅದರ ಬೆನ್ನಿಗೆ ಹೊಲಿದಿಡಬಹುದು. ಹುಬ್ಬಳ್ಳಿಯ ಬದಲು ತಮ್ಮ ಊರು ಕಲಬುರಗಿಯೋ ಉಡುಪಿಯೋ ಆಗಿರುವವರು ಆಯಾ ದಾರಿಯ ನಿಲ್ದಾಣಗಳನ್ನು ಹಾಕಿಕೊಳ್ಳಬೇಕು. ನಿಲ್ದಾಣಗಳ ಕ್ರಮವನ್ನು ಹೇಳುವ ಕೆಲಸ ಮನೆಯ ಹಿರಿಯರಿಗೇ ಇರಲಿ, ಮೊಬೈಲಿನಲ್ಲಿ ನೋಡುವುದು ಬೇಡ.